ಮೈ ತೊಳೆದ ಮಕ್ಕಳು

“ನೀನೇ ಒಂದು ಹೆರ್ನಿಲ್ಲ, ಊರ ಮಕ್ಳ ಕಟ್ಕಂಡು ಏನಮ್ಮಿ ಮಾಡೀಯೆ? ಥೂ, ಅತ್ಲಾಗ್ ನಿಂತ್ಕೊ. ಬಾಗ್ಲಿಗೇ ಅಡ್ಡ ನಿಂತವ್ಳೆ.”

ಪಂಚಾಯಿತಿ ಅಧ್ಯಕ್ಷ ಪುಟ್ಟರಾಜು ಹೀಗೆಂದಾಗ ಕಚೇರಿಯೊಳಗೆ ಕುಳಿತಿದ್ದವರೆಲ್ಲ ನಕ್ಕರು. ಬೆಳ್ಳಮ್ಮ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಮೆಟ್ಟಿಲು ಮಾತ್ರ ಇಳಿಯಲಿಲ್ಲ.

“ನನ್ಗೋಸ್ಕರ ಕೇಳ್ತಿಲ್ಲ ಬುದ್ದಿ. ಕೂಸ್ಗಳು ಕುಂತ್ಕಳಕ್ಕೆ ಒಂದು ಸೂರು, ಮದ್ಯಾನಕ್ಕೊಂದೀಟು ಕಾಳೋ ಮೊಟ್ಟೆನೋ. ಪಂಚಾಯ್ತಿಗೆ ದುಡ್ಡು ಬತ್ತದೆ ಅಂತ ಯೋಳುದ್ರು.”

“ಬತ್ತದೆ, ನಿನ್ನ ಕೇಳ್ಕಂಡು ಬತ್ತದಾ? ಹೆತ್ತೋರು ನೋಡ್ಕತಾರೆ ಓಗು. ಕೇರಿಗೊಂದು ಕಾನ್ವೆಂಟು ಬೇರೆ ಕೇಡು!”

ಹೆತ್ತವರು ಮಕ್ಕಳನ್ನು ನೋಡಿಕೊಳ್ಳುತ್ತಿದ್ದುದು ಬೆಲ್ಲ ಕಾಯಿಸುವ ಅದೇ ಪುಟ್ಟರಾಜುವಿನ ಆಲೆಮನೆಯಲ್ಲಿ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಿಂದ ಒಳಕ್ಕೆ ತಿರುಗಿದರೆ, ಕಬ್ಬಿನ ಗದ್ದೆಗಳ ನಡುವೆ ಅದರ ಹೊಗೆಗೂಡು ಕಾಣುತ್ತದೆ. ಕೇರಿಯ ಗಂಡಸರು ಗಾಣಕ್ಕೆ ಕಬ್ಬು ಕೊಡುತ್ತಾರೆ, ಒಲೆ ಉರಿಸುತ್ತಾರೆ. ಹೆಂಗಸರು ಹಿಂಡಿದ ಸಿಪ್ಪೆಯನ್ನು ಒಲೆಗೆಂದು ಹರಡಿ ಒಣಗಿಸುತ್ತಾರೆ. ಊರೊಳಗೆ ಅಂಗನವಾಡಿ ಇಲ್ಲದೇ ಇಲ್ಲ. ಆದರೆ ಅದು ಬಾಗಿಲು ತೆಗೆಯುವ ಹೊತ್ತಿಗೆ ಇಲ್ಲಿ ಮೊದಲ ಕೊಪ್ಪರಿಗೆ ಇಳಿದಿರುತ್ತದೆ. ಅದು ಬಾಗಿಲು ಹಾಕಿದ ಮೇಲೂ ಗಾಣ ತಿರುಗುತ್ತಲೇ ಇರುತ್ತದೆ. ಮೊಲೆ ಬಿಡದ ಕೂಸುಗಳನ್ನಂತೂ ಅಲ್ಲಿ ಇರಿಸಿಕೊಳ್ಳುವುದಿಲ್ಲ. ಹಾಗಾಗಿ ಕೂಸುಗಳು ಸಿಪ್ಪೆಯ ರಾಶಿಯ ಮೇಲೆಯೇ ಬೆಳೆಯುತ್ತಿದ್ದವು.

ಎರಡು ವರ್ಷದ ಹಿಂದೆ ಕೇರಿಯ ನಾಗಮಣಿಯ ಮಗಳು ಚಂದನ ಕುದಿಯುವ ಪಾಕಕ್ಕೆ ಕೈಯಿಟ್ಟಿತು. ಆಗಿನ್ನೂ ತಪ್ಪು ಹೆಜ್ಜೆ ಇಡುತ್ತಿದ್ದ ಮಗು. ತಾಯಿ ಸಿಪ್ಪೆಯ ಹೊರೆ ಹೊತ್ತು ಅಷ್ಟು ದೂರದಲ್ಲಿದ್ದಳು. ಓಡಿಬಂದು ಎತ್ತಿಕೊಂಡವಳು ಪಕ್ಕದಲ್ಲಿ ಸಿಪ್ಪೆ ಕೆದಕುತ್ತಿದ್ದ ಬೆಳ್ಳಮ್ಮ. ಆಸ್ಪತ್ರೆಗೆ ಆಟೋ ಮಾಡಿಕೊಟ್ಟ ಪುಟ್ಟರಾಜು, ನಾಗಮಣಿಯ ಗಂಡ ಮರಿಸಿದ್ದಯ್ಯನನ್ನು ಪಕ್ಕಕ್ಕೆ ಕರೆದು, “ಮನೇಲಿ ಒಲೆ ಮುಂದೆ ಬಿತ್ತು ಅನ್ನು, ತಿಳೀತೇನ್ಲಾ?” ಎಂದಿದ್ದ. ಮರಿಸಿದ್ದಯ್ಯ ಹಾಗೇ ಹೇಳಿದ. ಗಾಯ ಮಾಯಿತು. ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಉಳಿದವು.

ಮರುದಿನದಿಂದ ಬೆಳ್ಳಮ್ಮ ಆಲೆಮನೆಗೆ ಹೋಗಲಿಲ್ಲ. ಗಂಡ ಸತ್ತು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಒಂದು ಹೊಟ್ಟೆ, ಹೇಗಾದರೂ ತುಂಬುತ್ತದೆ ಅಂದುಕೊಂಡಳು. ನಸುಕಿನಲ್ಲಿ ಕೇರಿಯ ಬಾಯಲ್ಲಿ ನಿಂತು, ಕೆಲಸಕ್ಕೆ ಹೊರಟ ಹೆಂಗಸರ ಸೊಂಟದಿಂದ ಕೂಸುಗಳನ್ನು ಇಸಿದುಕೊಂಡಳು. ತೊಲೆಗೆ ಹಳೆಯ ಸೀರೆಗಳ ಜೋಲಿ ಕಟ್ಟಿದಳು. ತಾಯಂದಿರು ಒಬ್ಬೊಬ್ಬರು ಒಂದು ಹಿಡಿ ರಾಗಿಹಿಟ್ಟು ತಂದರು. ಅಂಬಲಿ ಕಾಯಿಸಿದಳು, ಹೇಲು ಬಳಿದಳು, ಹಾಡು ಹೇಳಿದಳು. ಸಂಜೆ ತಾಯಂದಿರು ಬಂದು ಒಂದೊಂದನ್ನೇ ಎತ್ತಿಕೊಂಡು ಹೋದ ಮೇಲೆ ಮನೆ ಗವ್ವೆನ್ನುತ್ತಿತ್ತು. ಗಾಳಿಗೆ ಜೋಲಿಗಳು ತಮ್ಮಷ್ಟಕ್ಕೆ ಅಲ್ಲಾಡುತ್ತಿದ್ದವು. ಉಚ್ಚೆಯ ವಾಸನೆಯ ಚಾಪೆಯ ಮೇಲೆಯೇ ಅವಳು ಮಲಗುತ್ತಿದ್ದಳು. ಬೇರೆ ಚಾಪೆ ಇರಲಿಲ್ಲವೆಂದಲ್ಲ, ಆ ವಾಸನೆಯಿದ್ದರೆ ನಿದ್ದೆ ಹತ್ತುತ್ತಿತ್ತು.

ಆದರೆ ಮಳೆಗೆ ಮಾಡು ಸೋರಿತು. ಎರಡು ಕೂಸುಗಳಿಗೆ ಭೇದಿ ಹತ್ತಿತು. ಹಿಡಿ ಹಿಟ್ಟು ಎಷ್ಟು ಬಾಯಿಗೆ ಸಾಕು? ಯಾರಾದರೂ ಕೊಡುವವರಿರಬೇಕು ಎಂದು ಹುಡುಕಿಕೊಂಡು ಹೊರಟವಳು ಮೊದಲು ಹೋದದ್ದು ಪಂಚಾಯಿತಿಗೆ. ಅಲ್ಲಿ ಉಗಿಸಿಕೊಂಡ ಮೇಲೆ ಮಂಡ್ಯದ ಬಸ್ಸು ಹತ್ತಿದಳು. ಹೋಗುವ ದಿನ ಮನೆಯಲ್ಲಿ ಕೂಸು ನೋಡಲು ಮುದುಕಿಯೊಬ್ಬಳನ್ನು ಗೋಗರೆದು ಕೂರಿಸಬೇಕಾಗಿತ್ತು.

ಒಂದು ಕಚೇರಿಯಲ್ಲಿ, ಇದು ಶಾಲೆಯಲ್ಲ, ನಮಗೆ ಬರುವುದಿಲ್ಲ ಎಂದರು. ಇನ್ನೊಂದರಲ್ಲಿ, ಕಾಯಿಲೆಯವರಾದರೆ ಕೊಡಬಹುದಿತ್ತು, ಮಕ್ಕಳು ಚೆನ್ನಾಗಿದ್ದಾವಲ್ಲ ಎಂದರು. ಸಂಘ ನೋಂದಣಿಯಾಗಿದೆಯೇ ಎಂದು ಕೇಳಿದವರು ಕೆಲವರು. ಒಬ್ಬ ಗುಮಾಸ್ತ ಅವಳ ಊರು ಕೇಳಿ, ಊರಲ್ಲಿ ಯಾವ ಕಡೆ ಎಂದು ಕೇಳಿ, ಆಮೇಲೆ ಕೈಲಿದ್ದ ಅರ್ಜಿಯನ್ನು ಮೇಜಿನ ಮೇಲೆ ಇಡಲು ಹೇಳಿದ, ಕೈಗೆ ಇಸಿದುಕೊಳ್ಳಲಿಲ್ಲ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು ಬೆಳ್ಳಮ್ಮ ತಂದಿದ್ದ ಮುದ್ದೆ ಬಿಚ್ಚುತ್ತಿದ್ದಳು. ಮಾತಾಡಲು ಯಾರೂ ಇರುತ್ತಿರಲಿಲ್ಲ. ಈಗ ಯಾವ ಕೂಸು ಅಳುತ್ತಿದೆಯೋ ಎಂದು ಅರ್ಧ ಮುದ್ದೆಯನ್ನು ಹಾಗೇ ಕಟ್ಟಿಟ್ಟು ಊರಿನ ಬಸ್ಸು ಹುಡುಕುತ್ತಿದ್ದಳು.

ಕೊನೆಗೆ ಸಿಕ್ಕಿದ್ದು ಅನಂತರಾಮು ಅವರ ಟ್ರಸ್ಟು. ಅವರು ನಿವೃತ್ತ ಮೇಷ್ಟ್ರು, ಮೆತ್ತಗಿನ ಮಾತು. ಕೂರಲು ಕುರ್ಚಿ ಕೊಟ್ಟರು. ಕುರ್ಚಿ ಕೊಟ್ಟವರಲ್ಲಿ ಅವರೇ ಮೊದಲಿಗರು.

“ಒಳ್ಳೇ ಕೆಲಸ ಮಾಡ್ತಿದೀಯಮ್ಮ. ನಮಗೆ ಬೆಂಗಳೂರಿನ ದಾನಿಗಳಿದಾರೆ. ಚಿಕ್ಕಮಕ್ಕಳಿಗೆ ಅಂದ್ರೆ ಇಲ್ಲ ಅನ್ನಲ್ಲ. ನಮ್ಮ ಹುಡುಗ ಸುಹಾಸ್ ಬಂದು ನೋಡ್ತಾನೆ.”

ಸುಹಾಸ್ ಬರುವ ದಿನ ಬೆಳ್ಳಮ್ಮ ಕತ್ತಲಿರುವಾಗಲೇ ಎದ್ದು ಹಂಡೆಗೆ ಉರಿ ಹಾಕಿದಳು. ಒಂದೊಂದೇ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಸೀಗೆಪುಡಿ ಹಾಕಿ ಉಜ್ಜಿದಳು. ಎಣ್ಣೆ ಹಚ್ಚಿ ತಲೆ ಬಾಚಿದಳು, ಕೆನ್ನೆಗೆ ದೃಷ್ಟಿಬೊಟ್ಟಿಟ್ಟಳು. ತಾಯಂದಿರು ಪೆಟ್ಟಿಗೆಯಲ್ಲಿದ್ದ ಹಬ್ಬದ ಅಂಗಿಗಳನ್ನು ಕೊಟ್ಟು ಹೋಗಿದ್ದರು. ಸಾರಿಸಿದ ಜಗಲಿಯ ಮೇಲೆ ಮಕ್ಕಳನ್ನು ಸಾಲಾಗಿ ಕೂರಿಸಿ, ತಾನೇ ಒಮ್ಮೆ ದೂರ ನಿಂತು ನೋಡಿದಳು. ಅವಳಿಗೇ ನಂಬಲಾಗಲಿಲ್ಲ.

ಸುಹಾಸ್ ಕ್ಯಾಮೆರಾ ತೆಗೆದ. ಕಣ್ಣಿಗಿಟ್ಟ, ಇಳಿಸಿದ.

“ಇದು ಆಗಲ್ಲ ಬೆಳ್ಳಮ್ಮ.”

“ಯಾಕ್ ಸಾಮಿ?”

“ತುಂಬಾ ಚೆನ್ನಾಗಿದಾರೆ. ಈ ಫೋಟೋ ನೋಡಿದ್ರೆ ಇವ್ರಿಗೇನು ಕಷ್ಟ ಅಂತಾರೆ. ನೀವು ಇಲ್ಲಿಗೆ ತರೋಕೆ ಮುಂಚೆ ಮಕ್ಕಳು ಎಲ್ಲಿರ್ತಿದ್ರು?”

“ಆಲೆಮನೇಲಿ.”

“ಅಲ್ಲೇ ತೆಗೆಯೋಣ. ಅಂಗಿ ಬಿಚ್ಚಿಸಿ. ಎಣ್ಣೆ ಒರೆಸಿಬಿಡಿ. ನಿಮಗೋಸ್ಕರಾನೇ ಹೇಳ್ತಿರೋದು. ಹೀಗಿದ್ರೆ ಒಬ್ರೂ ಕೊಡಲ್ಲ.”

ಬೆಳ್ಳಮ್ಮ ಮಕ್ಕಳ ಕಡೆ ನೋಡಿದಳು. ಸೋರುವ ಮಾಡಿನ ಕಡೆ ನೋಡಿದಳು. ಆಮೇಲೆ ಒಂದೊಂದೇ ಅಂಗಿಯ ಗುಂಡಿ ಬಿಚ್ಚಿದಳು. ಬಾಚಿದ ತಲೆಯನ್ನು ಸೆರಗಿನಿಂದ ಕೆದರಿದಳು. ಯಾಕೆಂದು ತಿಳಿಯದ ಮಕ್ಕಳು ಇದೊಂದು ಆಟವೆಂದು ನಕ್ಕವು. ಆಲೆಮನೆಯ ಸಿಪ್ಪೆಯ ರಾಶಿಯ ಮೇಲೆ ಅವನ್ನು ಕೂರಿಸಿದಾಗ ಬೂದಿ ಹಾರಿ ಬಂದು ತೊಳೆದ ಮೈಗಳ ಮೇಲೆ ಕೂತಿತು. ಸುಹಾಸ್ ಮೊಣಕಾಲೂರಿ ಫೋಟೋ ತೆಗೆದ.

“ಈ ಮಗು ಕೈಗೇನಾಗಿದೆ? ಮುಂದೆ ಬರಲಿ. ಕೈ ತೋರಿಸು ಪುಟ್ಟಾ.”

ಚಂದನ ಕೈಯನ್ನು ಬೆನ್ನ ಹಿಂದೆ ಹಿಡಿಯಿತು. ಯಾರು ಹೊಸಬರು ಬಂದರೂ ಅದು ಹಾಗೇ ಮಾಡುತ್ತಿತ್ತು.

“ತೋರ್ಸು ಕಂದ,” ಎಂದಳು ಬೆಳ್ಳಮ್ಮ. “ನಾನಿಲ್ವಾ, ತೋರ್ಸು.”

ಅವಳು ಹೇಳಿದಳೆಂದು ಮಗು ಕೈ ಚಾಚಿತು.

ಹಣ ಮಂಜೂರಾಯಿತು. ಆ ಸುದ್ದಿ ಊರಿಗೆ ಬಂದದ್ದೇ ತಡ, ಪುಟ್ಟರಾಜು ತಾನಾಗಿ ಕೇರಿಗೆ ಬಂದ. ಆಲೆಮನೆಯ ಪಕ್ಕದಲ್ಲಿ ಹಾಳುಬಿದ್ದಿದ್ದ ತನ್ನ ಗೋದಾಮನ್ನು ಮಕ್ಕಳಿಗೆ ಬಿಟ್ಟುಕೊಡುತ್ತೇನೆಂದ, ಅದಕ್ಕೆ ತನ್ನ ಅಪ್ಪನ ಹೆಸರಿಡಬೇಕೆಂದ. ಟ್ರಸ್ಟಿನವರಿಗೆ ಜಾಗ ಕೊಡುವ ದಾನಿ ಬೇಕೇ ಇತ್ತು. ಬೆಳ್ಳಮ್ಮ ಒಪ್ಪಿಕೊಂಡಳು. ಸೂರು ಯಾರದಾದರೇನು, ಸೋರದಿದ್ದರೆ ಸಾಕು ಎಂದುಕೊಂಡಳು.

ಚೆಕ್ ಕೊಡುವ ಸಮಾರಂಭ ಮಂಡ್ಯದ ಒಂದು ಸಭಾಂಗಣದಲ್ಲಿ. ಪುಟ್ಟರಾಜುವಿನ ಟೆಂಪೊದಲ್ಲೇ ಕೇರಿಯವರೆಲ್ಲ ಹೋದರು. ಬೆಳ್ಳಮ್ಮ ಚಂದನಳನ್ನು ಮಡಿಲಲ್ಲಿ ಕೂರಿಸಿಕೊಂಡು ಮುಂದಿನ ಸಾಲಿನಲ್ಲಿ ಕುಳಿತಳು, ಪಕ್ಕದಲ್ಲಿ ನಾಗಮಣಿ. ವೇದಿಕೆಯ ಹಿಂದಿನ ಪರದೆ ಸರಿಯಿತು. ಗೋಡೆಯಗಲದ ಫ್ಲೆಕ್ಸು. ಅದರ ತುಂಬ ಒಂದು ಕೈ. ಅಂಟಿಕೊಂಡ ಬೆರಳುಗಳು ಒಂದೊಂದೂ ಆಳೆತ್ತರ. ಕೈಯ ಹಿಂದೆ ಮಸುಕಾಗಿ ಬೂದಿ ಮೆತ್ತಿದ ಮುಖ. ಸಭೆ ಅಯ್ಯೋ ಎಂದಿತು. ಯಾರೋ ಮೊಬೈಲಿನಲ್ಲಿ ಅದರ ಫೋಟೋ ಹಿಡಿದರು.

ಮಗು ಬಹಳ ಹೊತ್ತು ನೋಡಿತು. “ನಂದು,” ಎಂದಿತು ಸಣ್ಣಗೆ. ಆಮೇಲೆ ತನ್ನ ಕೈಯನ್ನು ಬೆಳ್ಳಮ್ಮನ ಸೆರಗಿನೊಳಗೆ ತೂರಿಸಿ, ಮುಖವನ್ನೂ ಅಲ್ಲೇ ಹುದುಗಿಸಿತು.

ವೇದಿಕೆಯ ಮೇಲೆ ಪುಟ್ಟರಾಜುವಿಗೆ ಶಾಲು ಹೊದಿಸಿದರು, ಹಾರ ಹಾಕಿದರು. ಬಡಮಕ್ಕಳ ಬಂಧು ಎಂದರು. ಆಮೇಲೆ ಅನಂತರಾಮು ಬೆಳ್ಳಮ್ಮನನ್ನು ಕರೆದರು. ಏನು ಹೇಳಬೇಕೆಂದು ಸುಹಾಸ್ ಹೇಳಿಕೊಟ್ಟಿದ್ದ. ಮಗುವನ್ನು ನಾಗಮಣಿಯ ಮಡಿಲಿಗೆ ಕೊಟ್ಟು ಅವಳು ಮೇಲೆ ಹತ್ತಿದಳು. ಮೈಕು ಹಿಡಿದಳು. ಹೇಳಿಕೊಟ್ಟಿದ್ದ ಮಾತು ಬಾಯಿಗೆ ಬರಲಿಲ್ಲ.

“ಈ ಕೂಸ್ನ ಎಸ್ರು ಚಂದನ,” ಎಂದಳು. “ಈ ಕೈ ಸುಟ್ಟಿದ್ದು ಇಲ್ಲಿ ಆರ ಆಕ್ಕಂಡು ಕುಂತವ್ರಲ್ಲ, ಇವ್ರ ಆಲೆಮನೇಲಿ. ಮನೇಲಿ ಸುಟ್ಕತು ಅಂತ ಯೋಳ್ಸುದ್ರು. ಒಂದ್ ದಿನ್ವೂ ಬಂದು ಕೂಸ್ನ ಮೊಕ ನೋಡ್ನಿಲ್ಲ.”

ಸಭೆಯ ತಲೆಗಳೆಲ್ಲ ಪುಟ್ಟರಾಜುವಿನ ಕಡೆ ತಿರುಗಿದವು.

“ಏಯ್, ಮೈಕ್ ಕಿತ್ಕಳ್ರೋ! ಯಾರ್ಲಾ ಇವ್ಳಿಗೆ ಮೈಕ್ ಕೊಟ್ಟೋನು? ಮುಂಡೆ, ತಿಂದ ಮನೆಗೆ...” ಪುಟ್ಟರಾಜು ಎದ್ದ.

“ಇನ್ನೊಂದದೆ,” ಬೆಳ್ಳಮ್ಮ ನಿಲ್ಲಿಸಲಿಲ್ಲ. “ಅವತ್ತು ಬೆಳಿಗ್ಗೆ ನಾನು ಅಷ್ಟೂ ಮಕ್ಳಿಗೂ ನೀರಾಕಿದ್ದೆ. ಗಲೀಜಾಗಿದ್ರೇ ನೀವು ದುಡ್ಡು ಕೊಡೋದು ಅಂದ್ರು. ನಾನೇ ಬಿಚ್ಚುದೆ, ನಾನೇ ಬೂದೀಲಿ ಕುಂಡ್ರುಸ್ದೆ. ಕೊಡಾದಾದ್ರೆ ತೊಳ್ದಿರೋ ಮಕ್ಳಿಗೆ ಕೊಡಿ. ಇಲ್ದಿದ್ರೆ ಬುಡಿ.”

ಮೈಕು ಸತ್ತಿತು. ಅವಳು ಹಿಂದೆ ತಿರುಗಿ ಫ್ಲೆಕ್ಸಿನ ಒಂದು ಮೂಲೆಯನ್ನು ಎರಡು ಕೈಯಲ್ಲೂ ಹಿಡಿದು ಜಗ್ಗಿದಳು. ಹಗ್ಗ ಕಿತ್ತು ಅದು ಅರ್ಧ ಮಡಿಚಿಕೊಂಡು ಅವಳ ಮೇಲೆಯೇ ಬಿತ್ತು.

ಹೊರಗೆ ಅನಂತರಾಮು ಅವಳ ಮುಂದೆ ನಿಂತು ಕನ್ನಡಕ ಒರೆಸಿಕೊಂಡರು. “ಅನ್ಯಾಯ ಆಗಿರಬಹುದಮ್ಮ. ಆದ್ರೆ ದಾನಿಗಳ ಎದುರಿಗೇ ಹೀಗಾ? ಗಲಾಟೆ ಇರೋ ಕಡೆ ಅವರು ಕೊಡಲ್ಲ. ಸದ್ಯಕ್ಕೆ ಮುಂದೂಡೋಣ.” ಅವರ ದನಿ ಆಗಲೂ ಮೆತ್ತಗೇ ಇತ್ತು.

ಟೆಂಪೊದ ಹತ್ತಿರ ಕೇರಿಯವರು ನಿಂತಿದ್ದರು. ಬೆಳ್ಳಮ್ಮ ಬರುತ್ತಿದ್ದಂತೆ ನಾಗಮಣಿ ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು.

“ಮುಟ್ಬ್ಯಾಡ ನನ್ ಮಗೀನ! ನಿನ್ ಬಾಯಿಗ್ ಮಣ್ಣಾಕ. ನಾಳಿಕೆ ನಮ್ಮ ಕೆಲ್ಸುಕ್ಕೆ ಸೇರುಸ್ಕತಾನಾ ಅವ್ನು? ನಿಂಗೇನು, ಇಂದಿಲ್ಲ ಮುಂದಿಲ್ಲ. ನಾವ್ ಮಕ್ಕಳೊಂದ್ಗರು ಕಣಕ್ಕ, ನಾವು!”

“ನಾಗೂ, ಕೂಸು ಎದ್ರುಕತ್ತು ಕಣವ್ವ. ಅದ್ಕೇ...”

“ಮೊದ್ಲು ಕೈ ತೋರ್ಸು ಅಂದೋಳು ಯಾರು?”

ಮಗುವಿನತ್ತ ಚಾಚಿದ್ದ ಕೈಯನ್ನು ಬೆಳ್ಳಮ್ಮ ಹಿಂದಕ್ಕೆ ತೆಗೆದುಕೊಂಡಳು. ಟೆಂಪೊದ ಹಿಂದಿನ ಬಾಗಿಲು ಎತ್ತಿ ಚಿಲಕ ಹಾಕಿದರು. ಯಾರೂ ಬಾ ಅನ್ನಲಿಲ್ಲ. ಮದ್ದೂರಿನವರೆಗೆ ಬಸ್ಸಿನಲ್ಲಿ ನಿಂತೇ ಬಂದಳು. ಅಲ್ಲಿಂದ ಮಳವಳ್ಳಿ ಬಸ್ಸು ಹಿಡಿದು, ತಿರುವಿನಲ್ಲಿ ಇಳಿದು ಗದ್ದೆಗಳ ನಡುವೆ ಒಬ್ಬಳೇ ನಡೆದಳು. ದಾರಿಯಲ್ಲಿ ಸಿಕ್ಕಿದ ಕೇರಿಯ ಮುದುಕನೊಬ್ಬ ಅವಳನ್ನು ನೋಡಿ ಬದುವಿಗೆ ಇಳಿದ.

ಬೆಳಿಗ್ಗೆ ಎಂದಿನಂತೆ ಜಗಲಿ ಸಾರಿಸಿ ಅಂಬಲಿಗಿಟ್ಟಳು. ಹೆಂಗಸರು ಕೂಸುಗಳನ್ನು ಸೊಂಟದಲ್ಲಿ ಹೊತ್ತುಕೊಂಡು ಅವಳ ಮನೆಯ ಮುಂದಿನಿಂದಲೇ ಆಲೆಮನೆಗೆ ಹೋದರು. ಒಂದು ಕೂಸು ಅಭ್ಯಾಸ ಬಲದಿಂದ ಇವಳತ್ತ ಕೈ ಚಾಚಿತು. ತಾಯಿ ಅದರ ಕೈಗೆ ಹೊಡೆದು ಮುಂದೆ ನಡೆದಳು. ಅಂಬಲಿ ಆರಿ ಕೆನೆಗಟ್ಟಿತು. ಮರುದಿನವೂ ಹಾಗೇ. ಅದರ ಮರುದಿನ ಅವಳು ಒಲೆ ಹಚ್ಚಲಿಲ್ಲ. ಬಾಗಿಲು ಎಳೆದುಕೊಂಡು ಹೊರಟಳು.

ಆಲೆಮನೆಯಲ್ಲಿ ಗಾಣ ಕಿರುಗುಟ್ಟುತ್ತಿತ್ತು. ಕೊಪ್ಪರಿಗೆಯಲ್ಲಿ ಪಾಕ ಉಕ್ಕುತ್ತಿತ್ತು. ಅದಕ್ಕೂ ಸಿಪ್ಪೆಯ ರಾಶಿಗೂ ನಡುವೆ ಇರುವ ಜಾಗ ಬಲು ಇಕ್ಕಟ್ಟು. ರಾಶಿಯ ಮೇಲೆ ಕೂಸುಗಳು ಉರುಳಾಡುತ್ತಿದ್ದವು. ಬೆಳ್ಳಮ್ಮ ಯಾರನ್ನೂ ಮಾತಾಡಿಸದೆ ಹೋಗಿ ಆ ನಡುವಿನ ಜಾಗದಲ್ಲಿ, ಕೊಪ್ಪರಿಗೆಗೆ ಬೆನ್ನು ಕೊಟ್ಟು, ಮಕ್ಕಳ ಕಡೆ ಮುಖ ಮಾಡಿ ಕುಳಿತಳು.

ಪುಟ್ಟರಾಜು ಬಂದ. “ಯಾರಮ್ಮಿ ಕರ್ದೋರು ನಿನ್ನ?”

“ಯಾರೂ ಕರೀನಿಲ್ಲ.”

“ಕೂಲಿ ಗೀಲಿ ಹುಟ್ಟಾಕಿಲ್ಲ ಇಲ್ಲಿ.”

“ಕೇಳ್ನಿಲ್ಲ.”

“ಏಳು ಮ್ಯಾಕೆ. ಏಳ್ತೀಯೋ ಎಳುಸ್ಲೋ?”

ಅವಳು ಏಳಲಿಲ್ಲ. ಎಳೆದು ಹಾಕಿರೆಂದು ಅವನು ಸುತ್ತ ನೋಡಿದ. ಗಾಣದವರು ಗಾಣದ ಕಡೆ, ಹೆಂಗಸರು ಸಿಪ್ಪೆಯ ಕಡೆ ನೋಡಿದರು. ಯಾರೂ ಅವನ ಮಾತಿಗೂ ಅಲ್ಲಾಡಲಿಲ್ಲ, ಅವಳ ಪರವಾಗಿಯೂ ಅಲ್ಲಾಡಲಿಲ್ಲ. ನಾಗಮಣಿ ಹೊರೆ ಹೊತ್ತು ಅವಳ ಪಕ್ಕದಿಂದಲೇ ಹಾದುಹೋದಳು, ತಲೆ ತಿರುಗಿಸಲಿಲ್ಲ.

ಪುಟ್ಟರಾಜು ಒಲೆಯ ಬಾಯಲ್ಲಿದ್ದ ಮರಿಸಿದ್ದಯ್ಯನ ಕಡೆ ತಿರುಗಿದ.

“ಉರಿ ಸಾಲ್ದು ಕಣ್ಲಾ ಮರಿಸಿದ್ದ. ತುಂಬು.”

ಮರಿಸಿದ್ದಯ್ಯ ಸಿಪ್ಪೆಯ ಕಂತೆ ಹಿಡಿದು ನಿಂತ. ಬೆಳ್ಳಮ್ಮನ ಬೆನ್ನು ನೋಡಿದ. ರಾಶಿಯ ಮೇಲಿದ್ದ ತನ್ನ ಮಗಳನ್ನು ನೋಡಿದ.

“ತುಂಬ್ಲಾ ಅಂದ್ರೆ!”

ಅವನು ಕಂತೆಯನ್ನು ಒಲೆಗೆ ನೂಕಿದ. ಇನ್ನೊಂದನ್ನು ನೂಕಿದ. ಉರಿ ಭುಗಿಲೆಂದಿತು. ಬೆಳ್ಳಮ್ಮ ಸೆರಗನ್ನು ಬೆನ್ನ ಮೇಲೆ ಎರಡು ಮಡಿಕೆ ಎಳೆದುಕೊಂಡಳು. ಹೊಸದಾಗಿ ನಡೆಯಲು ಕಲಿತ ಒಂದು ಗಂಡುಕೂಸು ರಾಶಿಯಿಂದಿಳಿದು, ಕೊಪ್ಪರಿಗೆಯ ಹೊಳಪಿನತ್ತ ತಟ್ಟಾಡುತ್ತ ಬಂತು. ಅವಳು ಎರಡೂ ಕೈ ಅಗಲಿಸಿ ಅದನ್ನು ತಡೆದಳು.