ಆಯಿ ಎಂದು ಕರೆದ ಹಾಡುಗಾರ

ಕೊಲ್ಲಿ ದೇಶದ ಅಲ್ ಕೂಜ್ ಬಡಾವಣೆಯ ಬಡಗಿ ಪರಸಪ್ಪನಿಗೆ ಸ್ಪೇನ್ ದೇಶದ ಒಬ್ಬ ಫ್ಲಮೆಂಕೊ ಹಾಡುಗಾರನೆಂದರೆ ಪ್ರಾಣ. ಹೆಸರು ಮಾತ್ರ ಗೊತ್ತಿಲ್ಲ. ಕ್ಯಾಸೆಟ್ಟಿನ ಮೇಲೆ ಬರೆದದ್ದು ಮರದ ಹೊಟ್ಟಿಗೆ ಉಜ್ಜಿ ಅಳಿಸಿಹೋಗಿ ವರ್ಷಗಳೇ ಆಗಿದ್ದವು. ಹಾಗಾಗಿ ಅವನನ್ನು ಕಾಕಾ ಎಂದೇ ಕರೆಯುತ್ತಿದ್ದ, ಸ್ವಂತ ಚಿಕ್ಕಪ್ಪನೇನೋ ಎಂಬಷ್ಟು ಸಲುಗೆಯಿಂದ.

ಕ್ಯಾಸೆಟ್ ಕೊಟ್ಟವನು ಅದೇ ನಗರದ ದೇರಾದ ಸ್ಪ್ಯಾನಿಷ್ ಹೋಟೆಲಿನ ಅಡುಗೆಯವ, ಮಂಗಳೂರಿನ ಮೊರಿಸ್. ತೊಂಬತ್ತೈದರಲ್ಲಿ ಅಲ್ಲಿ ಕುಣಿಯುವವರಿಗೆ ಪರಸಪ್ಪ ಮರದ ವೇದಿಕೆ ಮಾಡಿಕೊಟ್ಟಿದ್ದ. ಅದೇ ವಾರ ಧಾರವಾಡದಲ್ಲಿ ಅವನ ಆಯಿ ತೀರಿಕೊಂಡಳು. ತಾಯಿಯಿಲ್ಲದವನನ್ನು ಎದೆಗವಚಿ ಸಾಕಿದ ಅಜ್ಜಿ. ಪಾಸ್‌ಪೋರ್ಟ್ ವೀಸಾ ಕೆಲಸಕ್ಕೆಂದು ಕಚೇರಿಯಲ್ಲಿತ್ತು, ಮಣ್ಣಿಗೆ ಹೋಗಲಾಗಲಿಲ್ಲ. ಅಳುವೂ ಬರಲಿಲ್ಲ. ಆಗ ಈ ಕ್ಯಾಸೆಟ್ ಹಾಕಿದರೆ, ಗಿಟಾರಿನ ಬೆನ್ನಿಗೆ ಒಂದು ಒಡಕು ದನಿ ಗಂಟಲು ಹರಿಯುವಂತೆ ಕೂಗಿತು: ‘ಆಯೀ, ಆಯೀ’. ಪಾಪ, ಇವನಿಗೂ ಅಜ್ಜಿ ಹೋಗಿದ್ದಾಳೆ ಎಂದುಕೊಂಡ ಪರಸಪ್ಪ ಪ್ಲೈವುಡ್ ರಾಶಿಯ ಹಿಂದೆ ಕೂತು ಮನಸಾರೆ ಅತ್ತ.

ಹತ್ತು ವರ್ಷದ ಮೇಲೆ ಮೊರಿಸ್ ಫೋನ್ ಮಾಡಿದ. ಹಾಡುಗಾರ ತೀರಿಕೊಂಡಿದ್ದಾನೆ, ಶುಕ್ರವಾರ ಹೋಟೆಲಿನಲ್ಲಿ ಅವನ ನೆನಪಿನ ಸಭೆ, ಅಭಿಮಾನಿಗಳೂ ಎರಡು ಮಾತಾಡಬಹುದು. ಪರಸಪ್ಪ ಅಂಗಿಗೆ ಇಸ್ತ್ರಿ ಹಾಕತೊಡಗಿದ.

‘ಸತ್ತಾಂವ ನಿಮ್ಮ ಬೀಗನೇನ್ರಿ?’ ಎಂದಳು ಹೆಂಡತಿ ಕಲ್ಲವ್ವ. ‘ನನ್ನ ತಮ್ಮನ ಮದುವಿಗೆ ಸುದ್ದಾ ಇಸ್ತ್ರಿ ಹಾಕಿದ್ದಿಲ್ಲ.’

ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಮಗಳು ಅಕ್ಷರಾಳನ್ನು ಕರೆದುಕೊಂಡು ಹೋದ. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ. ಹೋಟೆಲಿನ ಬಾಗಿಲಲ್ಲೇ ಮೊರಿಸ್ ಸಿಕ್ಕ. ಏನು ಮಾತಾಡುತ್ತೀರಿ ಎಂದು ಕೇಳಿ, ಆಯಿಯ ಕಥೆ ಕೇಳಿಸಿಕೊಂಡು ನಕ್ಕೇಬಿಟ್ಟ.

‘ಅದು ಆಯಿ ಅಲ್ಲ ಮಾರಾಯ್ರೆ. ಅವರ ಭಾಷೆಯಲ್ಲಿ ಆಯ್ ಅಂದ್ರೆ ಅಯ್ಯೋ ಅಂತ, ಅಷ್ಟೆ.’

ಪರಸಪ್ಪನ ಮುಖ ಸಣ್ಣಗಾಯಿತು. ಹಾಗಾದರೆ ಹತ್ತು ವರ್ಷದಿಂದ ತಾನೊಬ್ಬನೇ ಅತ್ತಂತಾಯಿತಲ್ಲ? ತಿರುಗಿ ಹೋಗೋಣ ಎನ್ನುವಷ್ಟರಲ್ಲಿ ಯಾರೋ ಮೈಕಿನಲ್ಲಿ ಅವನ ಹೆಸರನ್ನು ತಿರುಚಿ ಮುರುಚಿ ಕರೆದರು.

ವೇದಿಕೆ ಹತ್ತಿ, ಅಭ್ಯಾಸಬಲದಿಂದ ಹಲಗೆಯನ್ನು ಒಮ್ಮೆ ಕಾಲಿನಿಂದ ಒತ್ತಿ ನೋಡಿದ. ಅಲುಗಲಿಲ್ಲ. ಸ್ವಲ್ಪ ಧೈರ್ಯ ಬಂತು.

‘ಈ ಹಲಗಿ ಬಡದಾಂವ ನಾನರೀ. ಕಾಕಾ ಹಾಡಿದ್ದು ನಂಗ ತಿಳೀಲಿಲ್ಲ. ನಮ್ಮ ಆಯೀನ ಕರೀತಾನಂತ ತಪ್ಪ ಕೇಳಿದೆ. ಆದ್ರ ಆಯಿ ಹೋದಾಗ ನನ್ನ ಜೋಡಿ ಅತ್ತಾಂವ ಅವ ಒಬ್ಬನ. ಅದನ್ನ ಹೇಳಿ, ಹೋಗಿ ಬಾ ಕಾಕಾ ಅನ್ನಾಕ ಬಂದೇನಿ.’

ಅಕ್ಷರಾ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದಾಗ ಸಭೆಯಲ್ಲಿ ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಮುದುಕಿಯೊಬ್ಬಳು, ಸತ್ತವನ ಜೊತೆ ಹಾಡುತ್ತಿದ್ದವಳಂತೆ, ಅಜ್ಜಿಯನ್ನು ಏನೆಂದು ಕರೆಯುತ್ತಿದ್ದಿರಿ, ಇನ್ನೊಮ್ಮೆ ಹೇಳಿ ಎಂದಳು. ‘ಆಯಿ’ ಎಂದ ಪರಸಪ್ಪ. ಅವಳು ಎದ್ದು ನಿಂತು, ಕಣ್ಣು ಮುಚ್ಚಿ, ಅದೇ ಹಾಡನ್ನು ಎತ್ತಿಕೊಂಡಳು.

ಆ ಕೂಗು ಬಂದಾಗ ಅಕ್ಷರಾ ಅಪ್ಪನ ತೋಳು ಹಿಡಿದಳು.

‘ಅಪ್ಪಾ, ಆಯಿ ಅಂತನ ಕರದ್ರು’ ಎಂದಳು, ಅಪ್ಪನ ಕನ್ನಡದಲ್ಲೇ.

ಅಲ್ಲಿ ಪ್ಲೈವುಡ್ ರಾಶಿ ಇರಲಿಲ್ಲ. ಪರಸಪ್ಪ ಎಲ್ಲರ ಎದುರೇ ಅತ್ತ.