ಹಸಿರು ಪೀಪಾಯಿಯ ದನಿ

ಗುರುವಾರದ ಅಂಚೆಯಲ್ಲಿ ಬಂದ ಕಾಗದವನ್ನು ಓದಿ ಗುಮಾಸ್ತರು ಕುರ್ಚಿಯಲ್ಲಿ ಕುಸಿದು ಕೂತರು. ಕೆಟ್ಟ ಸುದ್ದಿಯೇನೂ ಇರಲಿಲ್ಲ. ನಾಲ್ಕು ವರ್ಷದಿಂದ ತಿಂಗಳಿಗೊಂದು ಪತ್ರ ಬರೆಯುತ್ತಿದ್ದ, ಒಮ್ಮೆಯೂ ಮುಖ ಕಂಡಿರದ ಒಬ್ಬ ಹೆಂಗಸು ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮನೆಗೆ ಬರುತ್ತೇನೆಂದು ಬರೆದಿದ್ದರು. ‘ತಮಗೆ ತೊಂದರೆಯಾಗದಿದ್ದಲ್ಲಿ ಹಸಿರು ಪೀಪಾಯಿಯನ್ನು ಒಂದೇ ಒಂದು ನಿಮಿಷ ಚಾಲೂ ಮಾಡಿ ಕೇಳಿಸಬೇಕೆಂದು ಕೋರುತ್ತೇನೆ’ ಎಂದು ಕೊನೆಯಲ್ಲಿತ್ತು.

ತೊಂದರೆ ಇದ್ದದ್ದು ಅಲ್ಲೇ. ಹಸಿರು ಪೀಪಾಯಿ ಎಂದರೆ ಗುಮಾಸ್ತರ ಸಂಗ್ರಹದಲ್ಲಿದ್ದ ಒಂದು ಹಳೇ ವ್ಯಾಕ್ಯೂಮ್ ಕ್ಲೀನರ್. ಮೂರು ಚಕ್ರದ ಮೇಲೆ ನಿಂತ, ಸೊಂಟದೆತ್ತರದ ತಗಡಿನ ಡಬ್ಬ. ಅವರ ಕೈಗೆ ಬಂದ ದಿನದಿಂದ ಅದು ಒಂದು ಸಲವೂ ಉಸಿರೆತ್ತಿರಲಿಲ್ಲ. ಆದರೆ ಸೊಗಸಾಗಿ ಓಡುತ್ತದೆ ಎಂದು ನಾಲ್ಕು ವರ್ಷದ ಹಿಂದೆ ಅವರೇ ತಮ್ಮ ದುಂಡಗಿನ ಅಕ್ಷರದಲ್ಲಿ ಬರೆದು ಸಹಿ ಹಾಕಿದ್ದರು.

ಇಂಥ ಸಾಧು ಮನುಷ್ಯ ಯಾಕಪ್ಪಾ ಸುಳ್ಳು ಬರೆದರು ಎನ್ನುವುದಕ್ಕೆ ಅವರ ನೌಕರಿಯಿಂದಲೇ ಶುರು ಮಾಡಬೇಕು. ಅವರು ಮೂವತ್ತೊಂದು ವರ್ಷ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಇದ್ದವರು. ನಲ್ಲಿ ಬೇಕು, ಪೈಪು ಒಡೆದಿದೆ, ಬಿಲ್ಲು ತಪ್ಪಾಗಿದೆ ಎಂದು ಬಂದ ಅರ್ಜಿಗಳಲ್ಲಿ ಆಗುವ ಕೆಲಸದ್ದೆಲ್ಲ ಬೇರೆ ಮೇಜಿಗೆ ಹೋಗುತ್ತಿತ್ತು. ಆಗದ ಕೆಲಸದ್ದು ಇವರ ಮೇಜಿಗೆ. ‘ವಿಷಾದದಿಂದ ತಿಳಿಸುವುದೇನೆಂದರೆ’ ಎಂದು ಶುರು ಮಾಡಿ, ಓದಿದವರಿಗೆ ಬೈಯಲೂ ಮನಸ್ಸು ಬಾರದ ಹಾಗೆ ಇಲ್ಲವೆಂದು ಬರೆಯುವುದು ಅವರ ಕೆಲಸ. ಜೊತೆಯವರು ಅವರನ್ನು ವಿಷಾದಪ್ಪನವರೇ ಎಂದು ಕರೆದು ನಗುತ್ತಿದ್ದರು. ಅವರೂ ನಕ್ಕುಬಿಡುತ್ತಿದ್ದರು. ಆದರೆ ನಿವೃತ್ತಿಯ ದಿನ ಮನೆಗೆ ಬಂದವರೇ, ಇನ್ನು ಸಾಯುವತನಕ ಆ ಪದ ಬರೆಯುವುದಿಲ್ಲ ಎಂದು ಹೆಂಡತಿಯ ಎದುರು ಹೇಳಿದ್ದರು. ಅದಕ್ಕೆ ಈಗ ಏಳು ವರ್ಷ.

ವ್ಯಾಕ್ಯೂಮ್ ಕ್ಲೀನರುಗಳ ಹುಚ್ಚು ಹತ್ತಿದ್ದು ನೌಕರಿಯ ಕೊನೆಯ ತಿಂಗಳಲ್ಲಿ. ಉಗ್ರಾಣದ ಹಳೇ ಸಾಮಾನಿನ ಪಟ್ಟಿ ಮಾಡುವಾಗ, ಮಲಗಿಸಿದ ರಾಕೆಟ್ಟಿನಂಥ ಒಂದು ಯಂತ್ರ ಸಿಕ್ಕಿತು. ಅದರ ಮುಂದೆ ‘ಉಪಯೋಗಕ್ಕೆ ಬಾರದ್ದು’ ಎಂದು ತಮ್ಮ ಕೈಯಾರೆ ಬರೆದರು. ಬರೆದ ಮೇಲೆ ಅಲ್ಲೇ ಬಿಟ್ಟುಬರಲು ಮನಸ್ಸಾಗದೆ ಅದನ್ನು ಮನೆಗೆ ಹೊತ್ತುಕೊಂಡು ಬಂದರು. ಒಂದು ಹೋಗಿ ನಾಲ್ಕಾಯಿತು, ನಾಲ್ಕು ಹೋಗಿ ಹದಿನಾಲ್ಕಾಯಿತು. ಅವರ ಹೆಂಡತಿ ದೊಡ್ಡ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ ವಾರ್ಡು ನೋಡಿಕೊಂಡವರು. ಬೀದಿಯವರಿಗೆಲ್ಲ ಇಂದಿಗೂ ನರ್ಸಮ್ಮ. ಹಿಂದಿನ ಕೋಣೆ ನಿಮ್ಮದು, ನಡುಮನೆಯೊಳಗೆ ಒಂದು ಪೈಪು ಇಣುಕಿದರೂ ಬೀದಿಗೆ ಹಾಕುತ್ತೇನೆ ಎಂದು ಅವರು ಗಡಿ ಗುರುತು ಮಾಡಿಕೊಟ್ಟಿದ್ದರು. ಹದಿನಾಲ್ಕು ವ್ಯಾಕ್ಯೂಮ್ ಕ್ಲೀನರುಗಳಿದ್ದ ಆ ಮನೆಯನ್ನು ನರ್ಸಮ್ಮ ದಿನಾ ಪೊರಕೆಯಿಂದಲೇ ಗುಡಿಸುತ್ತಿದ್ದರು.

ಈ ಹುಚ್ಚು ಇರುವವರು ಊರಿಗೊಬ್ಬರು ಸಿಕ್ಕರೆ ಹೆಚ್ಚು. ಹಳೇ ಯಂತ್ರಗಳ ಒಂದು ತ್ರೈಮಾಸಿಕದ ಕೊನೆಯ ಪುಟದ ವಿಳಾಸಗಳನ್ನು ನೋಡಿ ಒಬ್ಬರಿಗೊಬ್ಬರು ಬರೆದುಕೊಳ್ಳುತ್ತಾರೆ. ಅವರ ಮಧ್ಯೆ ಮರ್ಯಾದೆ ಬಹಳ. ಮೊದಲ ಪತ್ರದಲ್ಲಿ ಕೊಡುತ್ತೀರಾ ಎಂದು ಕೇಳಬಾರದು. ತೀರಾ ಹೊಗಳಲೂಬಾರದು, ಪಾಪ, ಎದುರಿನವರು ಮುಲಾಜಿಗೆ ಬಿದ್ದು ಕೊಟ್ಟುಬಿಟ್ಟಾರು. ಎಲ್ಲಕ್ಕಿಂತ ಹೆಚ್ಚಾಗಿ, ಯಂತ್ರದ ಸ್ಥಿತಿಯ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು. ಕಣ್ಣಾರೆ ನೋಡಲಾಗದವರಿಗೆ ಅಕ್ಷರವೇ ಕಣ್ಣು.

ಆ ಹೆಂಗಸು ತಮ್ಮ ಎರಡನೆಯ ಪತ್ರದಲ್ಲಿ, ತಾಯಿ ಒಂದು ಚಿತ್ರಮಂದಿರದಲ್ಲಿ ಎರಡು ಆಟಗಳ ನಡುವೆ ಇಂಥದೇ ಪೀಪಾಯಿ ಎಳೆದು ಜಮಖಾನೆ ಸ್ವಚ್ಛ ಮಾಡುತ್ತಿದ್ದರೆಂದು ಬರೆದಿದ್ದರು. ತಾಯಿ ಈಗಿಲ್ಲ. ಆ ದನಿಯನ್ನು ಇನ್ನೊಮ್ಮೆ ಕೇಳುವಾಸೆ. ಹನ್ನೊಂದು ಜನರನ್ನು ವಿಚಾರಿಸಿಯಾಗಿದೆ, ಯಾರದ್ದೂ ಓಡುವುದಿಲ್ಲ. ತಮ್ಮದು ಓಡುತ್ತದೆಯೇ?

ಗುಮಾಸ್ತರು ಪೆನ್ನು ಹಿಡಿದು ಕೂತರು. ಮೂವತ್ತೊಂದು ವರ್ಷ ಪಳಗಿದ ಕೈ ತಾನಾಗಿಯೇ ‘ವಿ’ ಎಂದು ಬರೆದುಬಿಟ್ಟಿತು. ಅವರು ಆ ಹಾಳೆ ಹರಿದುಹಾಕಿದರು. ಹನ್ನೆರಡನೆಯವನಾಗಿ ಇಲ್ಲವೆನ್ನಲು ಅವರ ಕೈಲಾಗಲಿಲ್ಲ. ಹೊಸ ಹಾಳೆಯಲ್ಲಿ, ‘ಯಂತ್ರವು ಸುಸ್ಥಿತಿಯಲ್ಲಿದ್ದು ಸುಗಮವಾಗಿ ಓಡುತ್ತಿದೆ. ದನಿ ಬಹಳ ಮೃದು. ಪಕ್ಕದ ಕೋಣೆಯಲ್ಲಿ ಮಲಗಿದ ಮಗುವೂ ಏಳುವುದಿಲ್ಲ’ ಎಂದು ಬರೆದರು. ಯಾರೋ ದೂರದವರು, ಸಮಾಧಾನವಾದರೆ ಸಾಕು ಎಂದುಕೊಂಡರು.

ಆದರೆ ಆ ದೂರದವರು ಬರೆಯುತ್ತಲೇ ಹೋದರು. ಗುಮಾಸ್ತರ ಕಣ್ಣಿನ ಪೊರೆ ತೆಗೆಸಿದಾಗ ಎರಡು ತಿಂಗಳು ದಪ್ಪ ದಪ್ಪ ಅಕ್ಷರದಲ್ಲಿ ಬರೆದರು. ಊರಿಗೆಲ್ಲ ಪತ್ರ ಬರೆದು ಕೈ ಸವೆಸಿಕೊಂಡ ಮನುಷ್ಯನಿಗೆ ಪ್ರೀತಿಯಿಂದ ತಿರುಗಿ ಬರೆದವರು ಈಕೆಯೊಬ್ಬರೇ. ತಿಂಗಳ ಮೊದಲ ವಾರ ಬಂತೆಂದರೆ ಗುಮಾಸ್ತರು ಅಂಚೆಯವನ ಸೈಕಲ್ಲಿನ ಸದ್ದಿಗೆ ಕಿವಿ ಕೊಟ್ಟು ಕೂರುತ್ತಿದ್ದರು. ನಡುವೆ ಒಂದು ಪತ್ರದಲ್ಲಿ ಆಕೆ ಇದೇ ಹುಚ್ಚಿನ ಒಬ್ಬ ದರ್ಜಿಯ ವಿಷಯ ಬರೆದಿದ್ದರು. ಹಳೇ ಯಂತ್ರದ ಮೂಲ ಪೈಪು ಎಂದು ಹೇಳಿ ಬೇರೆ ಯಾವುದನ್ನೋ ತಲೆಗೆ ಕಟ್ಟಲು ನೋಡಿದನಂತೆ. ‘ಅವರಿಗೆ ನಮಸ್ಕಾರ ತಿಳಿಸಿ ಪತ್ರವ್ಯವಹಾರ ನಿಲ್ಲಿಸಿದೆ. ಸುಳ್ಳು ನನಗೆ ಆಗುವುದಿಲ್ಲ.’ ಅದನ್ನು ಓದಿದ ದಿನ ಗುಮಾಸ್ತರಿಗೆ ಅನ್ನ ಇಳಿಯಲಿಲ್ಲ.

ಪೀಪಾಯಿಯನ್ನು ಇಬ್ಬರು ಮೆಕ್ಯಾನಿಕ್ಕುಗಳ ಹತ್ತಿರ ಹೊತ್ತುಕೊಂಡು ಹೋಗಿದ್ದೂ ಆಗಿತ್ತು. ಒಬ್ಬ ನಕ್ಕು ಕಳಿಸಿದ. ಇನ್ನೊಬ್ಬ ಬಿಚ್ಚಿ ನೋಡಿ, ಮೋಟಾರು ಸರಿಯಾಗಿದೆ, ಒಳಗೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡುಗಳು ಸವೆದುಹೋಗಿವೆ, ಆ ಅಳತೆಯವು ಈಗ ಎಲ್ಲೂ ಸಿಗುವುದಿಲ್ಲ ಎಂದ. ಅತ್ತ ಆಕೆ, ಬರೀ ಕುತೂಹಲಕ್ಕೆ ಕೇಳುತ್ತಿದ್ದೇನೆ ಎಂದು ಆಗಾಗ ಏನೇನೋ ಕೇಳುತ್ತಿದ್ದರು. ಕಾರ್ಬನ್ ಕೂರುವ ಗೂಡು ಎಷ್ಟು ಅಗಲ? ಫ್ಯಾನನ್ನು ಬೆರಳಿನಿಂದ ತಿರುಗಿಸಿದರೆ ಸಲೀಸಾಗಿ ತಿರುಗುತ್ತದೆಯೇ? ಗುಮಾಸ್ತರು ಭೂತಗನ್ನಡಿ ಹಿಡಿದು ಸ್ಕೇಲಿನಲ್ಲಿ ಅಳೆದು ಬರೆಯುತ್ತಿದ್ದರು. ಒಂದು ಸುಳ್ಳಿಗೆ ಪ್ರಾಯಶ್ಚಿತ್ತವಾಗಿ ಉಳಿದದ್ದೆಲ್ಲ ಕರಾರುವಾಕ್ಕಾಗಿರಲಿ ಎಂದು.

ಈಗ ಮೂರು ದಿನ ಉಳಿದಿತ್ತು. ಶುಕ್ರವಾರ ಮೂರನೆಯ ಮೆಕ್ಯಾನಿಕ್ಕನ್ನು ಹುಡುಕಿದರು. ಬಿಟ್ಟು ಹೋಗಿ, ಒಂದು ತಿಂಗಳಾಗಲಿ ಎಂದ. ಶನಿವಾರ ಸಂಜೆ, ಭಾನುವಾರ ಬೆಳಿಗ್ಗೆ ಫ್ಯೂಸು ಕಿತ್ತಿಟ್ಟು ಕರೆಂಟಿಲ್ಲ ಎಂದರೆ ಹೇಗೆ ಎಂದು ಹೆಂಡತಿಯ ಹತ್ತಿರ ಮೆಲ್ಲಗೆ ಪ್ರಸ್ತಾಪಿಸಿದರು. ನರ್ಸಮ್ಮ ಮಡಿಸುತ್ತಿದ್ದ ಬಟ್ಟೆ ಕೆಳಗಿಟ್ಟರು.

“ನೋಡ್ರೀ, ಎಷ್ಟು ಜನರ ಗಾಯದ ಪಟ್ಟಿ ಬಿಚ್ಚಿದೀನಿ ನಾನು. ನಿಧಾನಕ್ಕೆ ಬಿಚ್ಚಿದ್ರೆ ನೋವು ಕಡಿಮೆ ಅಂತ ಒಬ್ಬ ರೋಗಿನೂ ಹೇಳಿಲ್ಲ. ಬಂದ ತಕ್ಷಣ ಹೇಳಿಬಿಡಿ.”

“ಆಮೇಲೆ ಕಾಗದ ನಿಂತುಹೋಗುತ್ತೆ.”

“ನಿಲ್ಲಬಹುದು. ಆದ್ರೆ ಫ್ಯೂಸು ಕಿತ್ತು ನಾಟಕ ಮಾಡಿದ್ರೆ ನಾನೇ ಬಾಯಿಬಿಡ್ತೀನಿ, ಅಷ್ಟೇ.”

ಗುಮಾಸ್ತರ ಕಲ್ಪನೆಯಲ್ಲಿ ಆಕೆ ಸಣ್ಣ ದನಿಯ, ಬಡಕಲು ಮೈಯ ಮುದುಕಿ. ‘ನನ್ನದೊಂದು ಚಿಕ್ಕ ಅಂಗಡಿ ಇದೆ’ ಎಂದು ಬರೆದಿದ್ದರು. ಏನಂಗಡಿ ಎಂದು ಕೇಳುವುದು ಸಭ್ಯತೆಯಲ್ಲವೆಂದು ಇವರು ಕೇಳಿರಲಿಲ್ಲ. ಪುಸ್ತಕದ್ದೋ ದಾರದುಂಡೆಯದ್ದೋ ಇರಬೇಕು ಎಂದುಕೊಂಡಿದ್ದರು. ಭಾನುವಾರ ಹತ್ತು ಗಂಟೆಗೆ ಗೇಟಿನಿಂದ, “ಇದೇ ಮನೆನಾ ಸಾರ್” ಎಂಬ ದನಿ ಬಂದಾಗ ಕಿಟಕಿಯ ಗಾಜು ಅದುರಿತು. ಐವತ್ತರ ಆಸುಪಾಸಿನ, ಅಗಲ ಭುಜದ ಹೆಂಗಸು. ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸು, ಹೆಗಲಿಗೆ ಭಾರದ ಕ್ಯಾನ್ವಾಸ್ ಚೀಲ. ಆಕೆ ನಮಸ್ಕಾರ ಎಂದದ್ದಕ್ಕೆ ಪಕ್ಕದ ಮನೆಯವರು ಕಾಂಪೌಂಡಿನಿಂದ ಇಣುಕಿದರು.

ಬಂದ ತಕ್ಷಣ ಹೇಳುವ ಮಾತು ಎಲ್ಲಿ ಬಂತು? ಗುಮಾಸ್ತರು ಮೊದಲು ಟೀ ಕೊಡಿಸಿದರು. ಆಮೇಲೆ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ, ಯಾವುದು ಓಡುತ್ತದೆ ಎಂಬ ಮಾತೊಂದನ್ನು ಬಿಟ್ಟು, ಹದಿಮೂರು ಯಂತ್ರಗಳ ಪೂರ್ವೋತ್ತರವನ್ನೆಲ್ಲ ವಿವರಿಸಿದರು. ಬಟ್ಟೆಚೀಲದ್ದು, ಚೆಂಡಿನಂತಿದ್ದದ್ದು, ಹಿಡಿಕೆಗೆ ಕಾಲುಚೀಲ ತೊಡಿಸಿದ್ದು. ಒಂದು ಗಂಟೆಯಾಯಿತು. ಮತ್ತೆ ಟೀ ಎಂದರು. ನರ್ಸಮ್ಮ ಟೀ ತಂದು ಲೋಟವನ್ನು ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಕುಕ್ಕಿದರು.

ಆಕೆ ಟೀ ಮುಟ್ಟಲಿಲ್ಲ. ಮೂಲೆಯ ಹಸಿರು ಪೀಪಾಯಿಯ ಹತ್ತಿರ ಹೋಗಿ ಅದರ ಮುಚ್ಚಳದ ಮೇಲೆ ಅಂಗೈ ಇಟ್ಟರು. ಇಷ್ಟು ಹೊತ್ತು ಗಂಟೆ ಬಡಿದಂತೆ ಮಾತಾಡಿದವರು ಈಗ ತಗ್ಗಿದ ದನಿಯಲ್ಲಿ, “ಒಂದೇ ನಿಮಿಷ ಸಾರ್” ಎಂದರು.

ಗುಮಾಸ್ತರು ಲೋಟ ಕೆಳಗಿಟ್ಟರು. ಎದ್ದು ನಿಂತು, ಕೈ ಕಟ್ಟಿಕೊಂಡು, ಮೇಲಧಿಕಾರಿಯ ಎದುರು ನಿಂತವರಂತೆ ಹೇಳಿದರು: “ವಿಷಾದದಿಂದ ತಿಳಿಸುವುದೇನೆಂದರೆ, ಇದು ಓಡಲ್ಲ. ಯಾವತ್ತೂ ಓಡಿಲ್ಲ. ನಾನು ಸುಳ್ಳು ಬರೆದೆ.”

“ಗೊತ್ತು ಸಾರ್.”

ಹೊರಗೆ ಹೊರಟಿದ್ದ ನರ್ಸಮ್ಮ ಬಾಗಿಲಲ್ಲೇ ನಿಂತರು.

“ದನಿ ಮೃದು ಅಂತ ಬರೆದಿದ್ರಲ್ಲ, ಅವತ್ತೇ ಗೊತ್ತಾಯ್ತು. ಇದು ಬಾಯಿ ತೆಗೆದ್ರೆ ಪಕ್ಕದ ಕೋಣೆ ಮಗು ಹಾಗಿರಲಿ, ಪಕ್ಕದ ಬೀದಿ ಮಗುನೂ ಏಳುತ್ತೆ. ನಮ್ಮಮ್ಮ ಇದರ ಗಲಾಟೆ ಮಧ್ಯೆ ಕೂಗಿಕೊಂಡೇ ನನ್ನ ಜೊತೆ ಮಾತಾಡ್ತಿದ್ದದ್ದು. ನನ್ನ ಗಂಟಲು ಹೀಗಾಗಿದ್ದೂ ಅಲ್ಲೇ. ಫೋನ್ ಮಾಡಿದ್ರೆ ಜನ ಹೆದರ್ತಾರೆ ಅಂತಾನೇ ನಾನು ಕಾಗದ ಬರೆಯೋದು.”

ಹಾಗಾದರೆ ದರ್ಜಿಗೆ ನಿಲ್ಲಿಸಿದ ಹಾಗೆ ತನಗೂ ಯಾಕೆ ನಿಲ್ಲಿಸಲಿಲ್ಲ ಎಂದು ಗುಮಾಸ್ತರು ತಡವರಿಸುತ್ತಾ ಕೇಳಿದರು. ಆಕೆ ಚೀಲ ಕೆಳಗಿಟ್ಟು ನೆಲದ ಮೇಲೆ ಕೂತರು. ಮೊದಲು ಕೋಪ ಬಂದದ್ದು ನಿಜ ಎಂದರು. ಒಂದು ವಾರ ಕಾಗದವನ್ನು ಮಗುಚಿ ಇಟ್ಟಿದ್ದರಂತೆ.

“ಆಮೇಲೆ ಇನ್ನೊಂದು ಸಲ ಓದಿದೆ. ದರ್ಜಿ ಮಾರೋಕೆ ಸುಳ್ಳು ಹೇಳ್ದ. ನಿಮಗೆ ಇದರಿಂದ ಏನು ಸಿಗಬೇಕಿತ್ತು? ಹನ್ನೊಂದು ಜನ ‘ಇಲ್ಲ’ ಅಂತ ಒಂದು ಸಾಲು ಗೀಚಿ ಕಳಿಸಿದ್ರು. ನನಗೆ ಬೇಜಾರಾಗುತ್ತೆ ಅಂತ ಯೋಚಿಸಿದವರು ನೀವೊಬ್ರೇ. ನಿಮ್ಮ ಸುಳ್ಳನ್ನ ಎತ್ತಿ ಹೇಳೋದಕ್ಕಿಂತ ರಿಪೇರಿ ಮಾಡೋದೇ ವಾಸಿ ಅನ್ನಿಸ್ತು.”

ಚೀಲದಿಂದ ಸ್ಕ್ರೂಡ್ರೈವರು, ಇಕ್ಕಳ, ಹೊಸ ವೈರು ಹೊರಬಂದವು. ಆಕೆಯದ್ದು ಸುಟ್ಟ ಮೋಟಾರುಗಳಿಗೆ ಹೊಸ ಕಾಯಿಲು ಸುತ್ತಿಕೊಡುವ ಅಂಗಡಿಯಂತೆ. ಕೊನೆಗೆ ಒಂದು ಬೆಂಕಿಪೆಟ್ಟಿಗೆ. ಅದರೊಳಗೆ ಹತ್ತಿಯ ಮೇಲೆ ಮಲಗಿದ್ದ ಎರಡು ಕಾರ್ಬನ್ ತುಂಡುಗಳು. ದೊಡ್ಡ ಪಂಪಿನ ಕಾರ್ಬನ್ನನ್ನು ಗುಮಾಸ್ತರು ಬರೆದು ಕಳಿಸಿದ ಅಳತೆಗೆ ಸರಿಯಾಗಿ ಆಕೆ ಕೈಯಲ್ಲೇ ಉಜ್ಜಿ ತೆಗೆದಿದ್ದರು. ಮೂರು ಸಲ ಮುರಿದವಂತೆ. ಗುಮಾಸ್ತರು ಬೆಂಕಿಪೆಟ್ಟಿಗೆ ಹಿಡಿದುಕೊಂಡು ಕಣ್ಣು ಒರೆಸಿಕೊಂಡರು. ಅದನ್ನು ಮರೆಮಾಚಲೂ ಹೋಗಲಿಲ್ಲ.

ಮುಕ್ಕಾಲು ಗಂಟೆ ಕೆಲಸ ನಡೆಯಿತು. ನರ್ಸಮ್ಮ ಟಾರ್ಚು ಹಿಡಿದು, ಕೇಳುವ ಮೊದಲೇ ಇಕ್ಕಳ ಕೈಗಿಟ್ಟು, ಆಪರೇಷನ್ ಕೋಣೆಯಲ್ಲಿ ನಿಂತ ಹಾಗೇ ನಿಂತಿದ್ದರು. ಆಕೆ ಗೂಡಿನ ಮಸಿ ಒರೆಸಿ, ಸ್ಪ್ರಿಂಗು ಹಿಗ್ಗಿಸಿ, ಕಾರ್ಬನ್ ಕೂರಿಸಿ, ಹಳೇ ವೈರು ಕಿತ್ತು ಹೊಸದು ಸೇರಿಸಿ ಸ್ವಿಚ್ಚು ಹಾಕಿದರು. ಏನೂ ಆಗಲಿಲ್ಲ. ಆಕೆ ಸ್ಕ್ರೂಡ್ರೈವರಿನ ಹಿಡಿಯಿಂದ ಪಕ್ಕೆಗೆ ಎರಡು ಸಲ ತಟ್ಟಿದರು. ಒಳಗೆ ನೀಲಿ ಕಿಡಿ ಹಾರಿತು, ಸುಟ್ಟ ಧೂಳಿನ ವಾಸನೆ ಬಂತು, ಆಮೇಲೆ ಪೀಪಾಯಿ ಬಾಯಿಬಿಟ್ಟಿತು.

ಅದನ್ನು ದನಿ ಎನ್ನಬಾರದು. ತಗಡಿನ ಮೇಲೆ ಗರಗಸ ಎಳೆದರೆ ಅದರ ಅರ್ಧವೂ ಆಗಲಿಕ್ಕಿಲ್ಲ. ಕಪಾಟಿನ ಬಾಗಿಲು ಗಡಗಡ ನಡುಗಿತು. ನರ್ಸಮ್ಮ ಎರಡೂ ಕಿವಿ ಮುಚ್ಚಿಕೊಂಡು ನಗತೊಡಗಿದರು. ಆಕೆ ಮಾತ್ರ ಕುರ್ಚಿಯ ಮೇಲೆ ಹೋಗಿ ಕೂತು, ಎರಡೂ ಪಾದಗಳನ್ನು ನೆಲದಿಂದ ಮೇಲೆತ್ತಿಕೊಂಡರು. ಚಿಕ್ಕಂದಿನಲ್ಲಿ ಚಿತ್ರಮಂದಿರದ ಜಮಖಾನೆಯ ಮೇಲೆ ಅಮ್ಮನ ಪೈಪು ಹಾಯಲು ದಾರಿ ಬಿಟ್ಟ ಹಾಗೆ. “ಕಾಲೆತ್ತೇ, ಕಾಲೆತ್ತು, ಊಟ ಆಯ್ತೇನೇ” ಎಂದು ತಾಯಿಯ ಮಾತನ್ನು ತಾವೇ ಗಟ್ಟಿಯಾಗಿ ಹೇಳಿಕೊಂಡರು. ಕೆನ್ನೆಯ ಮೇಲೆ ನೀರು ಧಾರಾಳವಾಗಿ ಇಳಿಯುತ್ತಿತ್ತು, ಮುಖ ಹಿಗ್ಗಿತ್ತು.

ಒಂದು ನಿಮಿಷ ಯಾವಾಗಲೋ ಆಗಿಹೋಗಿತ್ತು. ಗುಮಾಸ್ತರ ಸಂತೋಷದ ಅಡಿಯಲ್ಲೇ ಹೊಸದೊಂದು ದಿಗಿಲು ಹುಟ್ಟಿತು. ಕೇಳಬೇಕಾದ್ದನ್ನು ಆಕೆ ಕೇಳಿಯಾಯಿತು. ಇನ್ನು ಬರೆಯಲು ಏನಿದೆ? ತಮ್ಮ ಎಂದಿನ ಮೆತ್ತನೆಯ ದನಿಯಲ್ಲಿ ಅದನ್ನೇ ಕೇಳಿದರು. ಕೇಳಿಸಲಿಲ್ಲ ಎಂದು ಆಕೆ ಕಿವಿಗೆ ಕೈ ಹಚ್ಚಿ ತೋರಿಸಿದರು. ಗುಮಾಸ್ತರು ಇನ್ನೊಂದು ಸಲ ಹೇಳಿದರು. ಅದೂ ಕೇಳಿಸಲಿಲ್ಲ. ಜನ್ಮದಲ್ಲಿ ಯಾರ ಮೇಲೂ ಗಂಟಲೆತ್ತದ ಮನುಷ್ಯ ಎದೆ ತುಂಬ ಉಸಿರೆಳೆದುಕೊಂಡು ಕೂಗಿದರು.

“ಇನ್ನು ಮುಂದೆನೂ ಕಾಗದ ಬರೀತೀರಾ?”

“ಬರೀದೆ ಏನ್ ಮಾಡ್ಲಿ? ಇನ್ನೂ ಹದಿಮೂರು ಇವೆಯಲ್ಲ ಸಾರ್. ಅದರಲ್ಲಿ ಓಡದೇ ಇರೋವು ಎಷ್ಟು? ನಿಜ ಹೇಳಿ.”

ಗುಮಾಸ್ತರು ನಾಲ್ಕು ಎನ್ನಲು ಬಾಯಿ ತೆರೆದರು. ಬಾಗಿಲಲ್ಲಿದ್ದ ಹೆಂಡತಿಯ ಮುಖ ನೋಡಿದರು. ಆಮೇಲೆ ಎದುರು ಮನೆಯ ಮಹಡಿಯವರಿಗೂ ಕೇಳುವ ಹಾಗೆ, “ಹತ್ತು” ಎಂದು ಕೂಗಿದರು.

ಆಕೆ ಎರಡೂ ಕೈಯ ಬೆರಳು ಬಿಡಿಸಿ ತೋರಿಸಿ, ಇಷ್ಟಾ ಎಂದು ಹುಬ್ಬೇರಿಸಿದರು. ಗುಮಾಸ್ತರು ಹೌದೆಂದು ತಲೆಯಾಡಿಸಿದರು. ಆಕೆ ಕಣ್ಣೊರೆಸಿಕೊಂಡು ನೆಲದ ಮೇಲಿದ್ದ ಸ್ಕ್ರೂಡ್ರೈವರ್ ಎತ್ತಿಕೊಂಡರು. ಗುಮಾಸ್ತರು ಅಳತೆ ಬರೆದುಕೊಳ್ಳಲು ಮೇಜಿನ ಖಾನೆಯಲ್ಲಿ ಕಾಗದ ಹುಡುಕತೊಡಗಿದರು.