ದಕ್ಷಿಣದ ಬೇಲಿಗೆ ಹೀರಗಿ

ಜಪಾನಿನ ನಾರಾದಲ್ಲಿ ಹೀರಗಿ ಗಿಡವನ್ನು ನೆಡುವುದು ಮನೆಯ ಈಶಾನ್ಯ ಮೂಲೆಯಲ್ಲಿ. ದೆವ್ವ ಬರುವ ದಿಕ್ಕು ಅದು; ವರ್ಷವಿಡೀ ಹಸಿರಾಗಿರುವ ಆ ಎಲೆಗಳ ಅಂಚಿನ ಮುಳ್ಳು ಕಂಡು ಹಿಂದಿರುಗುತ್ತದೆ. ಫುಸಾಯೆ ಮಾತ್ರ ನಾಲ್ಕು ಹೀರಗಿಗಳನ್ನು ದಕ್ಷಿಣದ ಬೇಲಿಯುದ್ದಕ್ಕೂ ನೆಟ್ಟಳು. ಆ ಕಡೆ ಇದ್ದದ್ದು ಕಿನುಯೊಳ ಮನೆ. ಓಣಿಯವರಿಗೆಲ್ಲ ಅರ್ಥವಾಯಿತು.

ಕಿನುಯೊ ಮಹಡಿ ಎಬ್ಬಿಸಿದ ಮೇಲೆ ಫುಸಾಯೆಯ ಹಿತ್ತಲಿಗೆ ಬಿಸಿಲೇ ಇಲ್ಲ. ತೀರಿಹೋದ ಗಂಡ ಮಗುವಿನಂತೆ ಸಾಕಿದ್ದ ಬೊತಾನ್ ಹೂವಿನ ಗಿಡಗಳು ಎರಡು ವರ್ಷದಲ್ಲಿ ಕೊಳೆತುಹೋದವು. ಕಿನುಯೊ ಅಯ್ಯೋ ಎನ್ನಲಿಲ್ಲ. ಅವಳಿಗೆ ನೋಯಬೇಕು, ಫುಸಾಯೆಗೆ ಅಷ್ಟೇ ಬೇಕಿತ್ತು.

"ನೆರಳಲ್ಲೂ ಬರುತ್ತೆ ಅಮ್ಮಾ, ನಿಧಾನ," ಎಂದಿದ್ದ ಗಿಡ ಮಾರುವ ಮುದುಕ. "ಆದ್ರೆ ಕತ್ತರಿಸ್ತಾ ಇರಿ. ಹಾಗೇ ಬಿಟ್ರೆ ವಯಸ್ಸಾದ ಹಾಗೆ ಮುಳ್ಳಿಲ್ಲದ ಎಲೆ ಬರುತ್ತೆ, ನನ್ನ ತಲೆ ಥರ ನುಣ್ಣಗೆ."

ಒಂಬತ್ತು ವರ್ಷ ಅವಳು ತಪ್ಪದೆ ಕತ್ತರಿಸಿದಳು. ಫೆಬ್ರವರಿಯಲ್ಲಿ ದೆವ್ವ ಓಡಿಸುವ ದಿನ, ಉಳಿದವರು ಬಾಗಿಲಿಗೆ ಒಂದು ಬೂತಾಯಿ ಮೀನಿನ ತಲೆ ಸಿಕ್ಕಿಸಿದರೆ, ಇವಳು ಕಿನುಯೊಳ ಅಡುಗೆಮನೆಯ ಕಿಟಕಿಗೆ ಎದುರಾಗಿ ನಾಲ್ಕು ಸಿಕ್ಕಿಸುತ್ತಿದ್ದಳು. ನಾತಕ್ಕೆ ಆ ಕಿಟಕಿ ವಾರಗಟ್ಟಲೆ ಮುಚ್ಚಿರುತ್ತಿತ್ತು.

ಈ ಸಲ ಗಿಡ ಕತ್ತರಿಸುವ ಹೊತ್ತಿಗೆ ಮೆಟ್ಟಿಲಲ್ಲಿ ಜಾರಿ ಫುಸಾಯೆಯ ಎಡ ಮಣಿಕಟ್ಟು ಮುರಿಯಿತು. ತಂಗಿಯ ಮನೆಯಲ್ಲಿ ತಿಂಗಳಿದ್ದು ಬಂದು ನೋಡಿದರೆ, ಕಿನುಯೊ ದೊಡ್ಡ ಕತ್ತರಿ ಹಿಡಿದು ನಾಲ್ಕನೆಯ ಗಿಡ ಮುಗಿಸುತ್ತಿದ್ದಾಳೆ. ಮೊಣಕೈವರೆಗೂ ಗೀರು.

"ಮುಟ್ಟೋಕೆ ನಿಮಗೆ ಯಾರು ಹೇಳಿದ್ದು?"

"ಬಿಟ್ರೆ ಮುಳ್ಳು ಹೋಗುತ್ತಲ್ಲ ಫುಸಾಯೆ-ಸಾನ್. ಆಮೇಲೆ ನಾನು ಯಾವ ಸೀಮೆ ದೆವ್ವ?"

"ನಾಚಿಕೆ ಆಗಲ್ವಾ?"

"ಮಹಡಿ ಕಟ್ಟೋವಾಗ್ಲೇ ಬಿಟ್ಟೆ ಅದನ್ನ." ಕಿನುಯೊ ಕತ್ತರಿ ಕೆಳಗಿಟ್ಟಳು. "ಹೂವು ನಿಮ್ಮ ಯಜಮಾನ್ರದ್ದು ಅಂತ ನನಗೆ ಗೊತ್ತಿತ್ತು."

"ಗೊತ್ತಿದ್ದೂ ಸುಮ್ಮನಿದ್ರಿ."

"ಹೂಂ."

ಕಿನುಯೊಳ ಹೆಬ್ಬೆರಳಿನಲ್ಲಿ ಒಂದು ಮುಳ್ಳು ಮುರಿದು ಉಳಿದಿತ್ತು. ಸುತ್ತ ಕೆಂಪಾಗಿ ಊದಿತ್ತು.

"ಬನ್ನಿ ಒಳಗೆ," ಎಂದಳು ಫುಸಾಯೆ.

ಸೂಜಿಯನ್ನು ಬೆಂಕಿಗೆ ಹಿಡಿದು, ಬಿಸಿನೀರಿನಲ್ಲಿ ಕಿನುಯೊಳ ಬೆರಳು ತೊಳೆದು, ಕನ್ನಡಕ ಹಾಕಿಕೊಂಡಳು. ಅವಳ ಬಲಗೈ ಚೆನ್ನಾಗಿಯೇ ಇತ್ತು. ಮುಳ್ಳು ಮೇಲೆಯೇ ಕಾಣುತ್ತಿತ್ತು. ಆದರೂ ಸೂಜಿಯನ್ನು ಬೇಕಾದ್ದಕ್ಕಿಂತ ಒಂದೆಳೆ ಆಳಕ್ಕೆ ಇಳಿಸಿದಳು.

"ಅಯ್ಯೋ!" ಎಂದಳು ಕಿನುಯೊ. ಕೈ ಮಾತ್ರ ಹಿಂದೆ ಎಳೆದುಕೊಳ್ಳಲಿಲ್ಲ.